ಮೀನಿಲ್ಲದ ನೀರು

ಗಾಜಿನ ಕೆಲಸದವರಿಗೆ ಒಂದು ರೋಗವಿರುತ್ತದೆ. ಮದುವೆಗೆ ಹೋಗಲಿ, ಸಾವಿಗೆ ಹೋಗಲಿ, ಮೊದಲು ಕಣ್ಣು ಹೋಗುವುದು ಆ ಮನೆಯ ಕಿಟಕಿಯ ಮೂಲೆಗೆ. ಗಾಜಣ್ಣನಿಗೆ ಈ ರೋಗ ಸ್ವಲ್ಪ ಹೆಚ್ಚೇ ಇತ್ತು. ಬೇರೆಯವರು ಕೂರಿಸಿದ ಗಾಜು ಕಂಡರೆ ಮೂಗು ಮುರಿಯುತ್ತಿದ್ದ, ತಾನು ಕೂರಿಸಿದ್ದು ಕಂಡರೆ ಹೆಜ್ಜೆ ನಿಧಾನ ಮಾಡುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದಿರಲೇಬೇಕು, ಆದರೆ ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ. ಬೀದಿಯ ಬಾಯಲ್ಲಿ ಅವನು ಗಾಜಣ್ಣ, ಅಷ್ಟೆ. ಉಳಿದ ವಿಷಯಗಳಲ್ಲಿ ಮಾತಿಗೆ ಜಿಪುಣನಾದರೂ ತನ್ನ ಕೆಲಸದ ಮಾತು ಬಂದರೆ ಅವನನ್ನು ಹಿಡಿಯುವವರಿರಲಿಲ್ಲ. ಅವನು ಮುಚ್ಚಿದ ಸಂದಿನಿಂದ ಹನಿ ನೀರು ಇಳಿದದ್ದಿಲ್ಲವಂತೆ, ಅವನು ಅಂಟಿಸಿದ ಬಚ್ಚಲಿನ ಗಾಜಿನ ಅಂಚು ವರ್ಷಗಟ್ಟಲೆ ನೆನೆದರೂ ಕಪ್ಪು ಹಿಡಿದದ್ದಿಲ್ಲವಂತೆ. ಹೊಗಳಿಕೆಯನ್ನು ಬೇರೆಯವರ ಬಾಯಿಂದ ಬರಲಿ ಎಂದು ಕಾಯುವ ಜಾಯಮಾನ ಅವನದಾಗಿರಲಿಲ್ಲ.

ಹೆಂಡತಿ ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕೂರುತ್ತಿದ್ದವಳು. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುವುದೇ ಅವಳ ಉದ್ಯೋಗ. ಒಮ್ಮೆ ಆ ಕಿಟಕಿಯ ಗಾಜು ಒಡೆದಾಗ ಹೊಸದು ಕೂರಿಸಲು ಹೋದವನು ಗಾಜಣ್ಣ. ಮಾತು ಕೇಳಿಸಲಿ ಎಂದು ಬಿಡುವ ದುಂಡನೆ ತೂತನ್ನು ಎಷ್ಟೆತ್ತರಕ್ಕೆ ಕೊರೆಯಬೇಕೆಂದು ನೋಡುವ ನೆವದಲ್ಲಿ ಅವಳ ಮುಖವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಅಳತೆ ಸಿಕ್ಕಿತೋ ಇನ್ನೂ ಬೇಕೋ ಎಂದು ಅವಳು ಕೇಳಿದಳಂತೆ. ಇನ್ನೂ ಬೇಕು ಎಂದನಂತೆ ಇವನು. ಆ ಒಂದು ಉತ್ತರದ ಮೇಲೆ ಸಂಸಾರ ನಡೆದುಹೋಯಿತು. ಮಕ್ಕಳಾಗಲಿಲ್ಲ. ಅವಳ ಮಾತೇ ಮನೆಯನ್ನು ನಾಲ್ಕು ಮಕ್ಕಳಷ್ಟು ತುಂಬುತ್ತಿದ್ದುದರಿಂದ ಅವನಿಗೆ ಆ ಕೊರತೆ ಅಷ್ಟಾಗಿ ಕಾಣಲಿಲ್ಲ.

ನಿವೃತ್ತಿಗೆ ಮೊದಲೇ ಅವಳ ಹೃದಯ ಸೋಲತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಶುರುವಾದದ್ದು, ಆಮೇಲೆ ಕಾಲು ಬಾತು ಚಪ್ಪಲಿ ಹಿಡಿಸದಾಯಿತು. ಕೊನೆಗೆ ಬೆನ್ನು ಚಾಚಿ ಮಲಗಿದರೆ ಉಸಿರೇ ಕಟ್ಟುತ್ತಿತ್ತು. ಹಜಾರದ ಮಂಚದಲ್ಲಿ ದಿಂಬುಗಳ ಮೇಲೆ ದಿಂಬು ಪೇರಿಸಿ ಒರಗಿ ಕೂರುವುದೇ ಅವಳ ಪಾಲಿನ ನಿದ್ದೆ. ಡಾಕ್ಟರು ವಿಧಿಸಿದ ಪಥ್ಯಗಳಲ್ಲಿ ಎಲ್ಲಕ್ಕಿಂತ ಕ್ರೂರವಾದದ್ದು ನೀರಿನದು. ಮೈಯಲ್ಲಿ ನೀರು ತುಂಬಿಕೊಳ್ಳುತ್ತಿದ್ದುದರಿಂದ ಕುಡಿಯುವುದನ್ನು ಅಳೆದು ಕೊಡಬೇಕಿತ್ತು. ಜೀವಮಾನವೆಲ್ಲ ಗಾಜು ಅಳೆದವನು ಈಗ ಹೆಂಡತಿಯ ಗುಟುಕು ಅಳೆಯತೊಡಗಿದ. ಅವಳು ತುಟಿ ಒದ್ದೆ ಮಾಡಿಕೊಂಡು ಲೋಟ ವಾಪಸು ಕೊಡುವಾಗ ಅವನು ಗೋಡೆಯ ಕಡೆ ನೋಡುತ್ತಿದ್ದ.

ನೋಡಿಕೊಳ್ಳಲು ಅವಳ ತಂಗಿ ಬಂದು ನಿಂತಳು. ಗಂಡ ತೀರಿಕೊಂಡು ಒಂಟಿಯಾಗಿದ್ದವಳು. ಮನಸ್ಸು ಬೆಣ್ಣೆ, ನಾಲಿಗೆಗೆ ಮಾತ್ರ ಯಾರ ಮುಲಾಜೂ ಇಲ್ಲ. ಇಲ್ಲದ ಸಮಾಧಾನ ಹೇಳಲು ಅವಳಿಗೆ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ.

ಮೀನಿನ ಮಾತು ಹುಟ್ಟಿದ್ದು ಆಸ್ಪತ್ರೆಯಲ್ಲಿ. ಸರದಿಗೆ ಕಾಯುವ ಕೋಣೆಯಲ್ಲಿ ಗೋಡೆಗೆ ತಾಗಿಸಿ ಒಂದು ಗಾಜಿನ ತೊಟ್ಟಿ ಇಟ್ಟಿದ್ದರು. ಹೆಂಡತಿ ಅದರ ಎದುರಿನ ಬೆಂಚಿನಲ್ಲಿ ಕೂತವಳು ತನ್ನ ಹೆಸರು ಕೂಗಿದರೂ ಏಳಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ಅವಳು ಉಸಿರು ಕೂಡಿಸಿಕೊಂಡು ಹೇಳಿದಳು: "ಅಲ್ಲಿ ಕೂತಿರೋವಷ್ಟು ಹೊತ್ತು ಬಾಯಾರಿಕೆನೇ ಆಗ್ಲಿಲ್ಲ ರೀ." ಕಾಯಿಲೆ ಬಿದ್ದ ಮೇಲೆ ಅವಳು ಏನನ್ನೂ ಬೇಕು ಎಂದಿರಲಿಲ್ಲ. ಈಗಲೂ ಬೇಕು ಎನ್ನಲಿಲ್ಲ. ಆದರೆ ಗಾಜಣ್ಣನಿಗೆ ಅಷ್ಟು ಸಾಕಾಯಿತು. ಮಂಚದ ಎದುರಿಗೆ ಅಂಥದ್ದೊಂದನ್ನು ಇಟ್ಟುಕೊಡುತ್ತೇನೆ, ಅವಳು ದಿಂಬಿಗೆ ಒರಗಿಯೇ ಮೀನು ನೋಡಲಿ ಎಂದು ಆಟೋ ಇಳಿಯುವ ಮೊದಲೇ ನಿಶ್ಚಯಿಸಿದ.

ಅಂಗಡಿಯಲ್ಲಿ ಸಿದ್ಧವಾದದ್ದು ಸಿಗುತ್ತದಲ್ಲ, ತಂದುಬಿಡಿ ಎಂದು ನಾದಿನಿ ಹೇಳಿದ್ದು ಅವನಿಗೆ ಬೈಗುಳದ ಹಾಗೆ ಕೇಳಿಸಿತು. ಹಿತ್ತಲ ಗಿಡ ಮದ್ದಲ್ಲ ಅಂತೀಯಾ ಎಂದು ಅವಳ ಬಾಯಿ ಮುಚ್ಚಿಸಿದ. ಗಾಜಿನವನ ಮನೆಗೆ ಯಾರೋ ಮಾಡಿದ ಗಾಜಿನ ಪೆಟ್ಟಿಗೆ ಬರುವುದೆಂದರೇನು! ಮಂಚದಿಂದ ಹೆಂಡತಿಯ ಕಣ್ಣಿನ ಮಟ್ಟ ಅಳೆದು, ದಪ್ಪ ಗಾಜು ಕೊಯ್ದು, ಕೈಗೆ ತಾಗದ ಹಾಗೆ ಅಂಚುಗಳನ್ನು ಉಜ್ಜಿ ನಯ ಮಾಡಿದ. ಸಂದುಗಳಿಗೆ ತನ್ನ ಚೀಲದಲ್ಲಿದ್ದ ಅತ್ಯುತ್ತಮ ಸಿಲಿಕಾನ್ ಅಂಟನ್ನೇ ಹಾಕಿ, ಬೆರಳಿನಿಂದ ಒಂದೇ ಎಳೆತಕ್ಕೆ ಸವರಿದ. ಬಚ್ಚಲುಗಳಲ್ಲಿ ಕಪ್ಪು ಹಿಡಿಯಲು ಬಿಡದ ಅಂಟು ಅದು. ಒಣಗಿದ ಮೇಲೆ ನೀರು ತುಂಬಿ, ಕೆಳಗೆ ಹಳೇ ಪತ್ರಿಕೆ ಹಾಸಿ ಪರೀಕ್ಷೆ ಮಾಡಿದ. ಕಾಗದ ಗರಿಗರಿಯಾಗೇ ಇತ್ತು. ಆ ಕಾಗದವನ್ನು ಹೆಂಡತಿಗೆ ತೋರಿಸಿ, ನಾದಿನಿಗೆ ತೋರಿಸಿ, ಹಾಲು ಕೊಡಲು ಬಂದವನಿಗೂ ತೋರಿಸಿದ.

ಮೀನಿನ ವಿಷಯದಲ್ಲಿ ಮಾತ್ರ ಅವನಿಗೆ ಅ ಆ ಇ ಈ ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಂಡು ಮೀನಿನ ಅಂಗಡಿಯವನ ಮುಂದೆ ಕೈಕಟ್ಟಿ ನಿಂತ. ಅಂಗಡಿಯವನು ಸಜ್ಜನ. ಬಂಗಾರದ ಮೀನು ಬೇಡ, ಅವಕ್ಕೆ ಜಾಗ ಬೇಕು, ಹೊಲಸೂ ಜಾಸ್ತಿ, ಮೊದಲ ಸಲಕ್ಕೆ ಗಪ್ಪಿ ಎಂಬ ಪುಟ್ಟ ಮೀನೇ ವಾಸಿ ಎಂದ. ಕಲ್ಲುಹರಳನ್ನು ಸೋಪು ಮುಟ್ಟಿಸದೆ ತೊಳೆಯಬೇಕು, ನಲ್ಲಿಯ ನೀರಿಗೆ ಹಾಕಿರುವ ಔಷಧಿಯ ಘಾಟು ಹೋಗಲು ಅದನ್ನು ತೆರೆದಿಡಬೇಕು, ಗಾಳಿ ಪಂಪು ಮತ್ತು ಫಿಲ್ಟರ್ ನಿಲ್ಲಿಸಬಾರದು, ಊಟ ಚಿಟಿಕೆಗಿಂತ ಹೆಚ್ಚು ಹಾಕಬಾರದು, ಮೊದಲು ಎರಡೇ ಎರಡು ಮೀನು ಬಿಟ್ಟು ನೋಡಬೇಕು ಎಂದ. ತೊಟ್ಟಿ ಎಲ್ಲಿ ತಗೊಂಡಿರಿ ಎಂದು ಕೇಳಿದ. "ನಾನೇ ಮಾಡಿದ್ದು" ಎಂದು ಗಾಜಣ್ಣ ಹೇಳಿದ ಗತ್ತು ಹೇಗಿತ್ತೆಂದರೆ ಪಾಪ, ಅವನು ಮುಂದೆ ಏನೂ ಕೇಳಲಿಲ್ಲ.

ಮೀನು ಬಂದ ದಿನ ಮನೆಗೆ ಮಾತು ವಾಪಸು ಬಂತು. ಹೆಂಡತಿ ದಿಂಬಿನಿಂದ ಮುಂದಕ್ಕೆ ಬಾಗಿ ಎರಡನ್ನೂ ನೋಡಿದಳು. ತೊಟ್ಟಿಯ ಈ ತುದಿಯಿಂದ ಆ ತುದಿಗೆ ಒಂದೇ ಸಮ ಓಡುತ್ತಿದ್ದದ್ದಕ್ಕೆ ಎಕ್ಸ್‌ಪ್ರೆಸ್ಸು ಎಂದು ಹೆಸರಿಟ್ಟಳು. ಗಿಡದ ಬುಡ, ಕಲ್ಲಿನ ಸಂದಿ ಎಂದು ಕಂಡಕಂಡಲ್ಲಿ ನಿಂತು ಹೋಗುತ್ತಿದ್ದದ್ದು ಶಟಲ್. ನಾದಿನಿ ಔಷಧಿ ತಂದರೆ, ಇರು, ಶಟಲ್ ಈಗ ಹೊರಟಿತು ಎಂದು ಕೈ ಅಡ್ಡ ಹಿಡಿಯುವಳು. ಮೀನಿಗೆ ಗಾಳಿ ಹಾಕಲು ಮೆಷಿನ್ನು, ಅಕ್ಕನ ತಲೆ ಮೇಲಿನ ಫ್ಯಾನು ಮಾತ್ರ ವರ್ಷದಿಂದ ಕಿರುಗುಡುತ್ತಿದೆ ಎಂದು ನಾದಿನಿ ಅಂದರೆ, ಗಾಜಣ್ಣ ಅವತ್ತೇ ಸ್ಟೂಲು ಹತ್ತಿ ಫ್ಯಾನಿಗೆ ಎಣ್ಣೆ ಬಿಟ್ಟ. ಅಷ್ಟು ಖುಷಿಯಲ್ಲಿದ್ದ.

ಆ ಖುಷಿ ವಾರ ತುಂಬುವುದರೊಳಗೆ ಮುಗಿಯಿತು. ಒಂದು ಬೆಳಗ್ಗೆ ಅವನು ಎದ್ದು ಬರುವಷ್ಟರಲ್ಲಿ ಎಕ್ಸ್‌ಪ್ರೆಸ್ಸು ಮೇಲೆ ತೇಲುತ್ತಿತ್ತು. ಹೆಂಡತಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವನು ಅದನ್ನು ಅಂಗೈಯಲ್ಲಿ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೊರಟು, ಅಂಗಡಿಯವನನ್ನು ಮನೆಯಿಂದ ಎಬ್ಬಿಸಿ, ಅದೇ ಬಣ್ಣದ ಇನ್ನೊಂದನ್ನು ತಂದು ಬಿಟ್ಟ. ಕೆಲವು ದಿನಕ್ಕೆ ಶಟಲ್ ಹೋಯಿತು. ಅದರ ಬದಲಿಗೆ ತಂದದ್ದೂ ಹೋಯಿತು. ಗಾಜಣ್ಣ ನಲ್ಲಿ ನೀರನ್ನು ಬೈದ, ಪಂಪನ್ನು ಬೈದ, ಮೀನಿಗೆ ಮೊದಲೇ ರೋಗವಿತ್ತು ಎಂದು ಅಂಗಡಿಯವನ ಮೇಲೂ ಹಾರಾಡಿ ಬಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾದಿನಿ ಅಡುಗೆಮನೆಯಿಂದಲೇ ಹೇಳಿದಳು. ಅವನಿಗೆ ಮೈಯೆಲ್ಲ ಉರಿದರೂ ತುಟಿ ಬಿಚ್ಚಲಿಲ್ಲ, ಹೆಂಡತಿಗೆ ಕೇಳಿಸೀತು ಎಂಬ ಭಯ.

ಹೆಂಡತಿಗೆ ಕೇಳಿಸುವುದೇನು, ಎಲ್ಲ ಗೊತ್ತೇ ಇತ್ತು. ಬೇರೇನೂ ಕೆಲಸವಿಲ್ಲದೆ ದಿನವಿಡೀ ನೋಡುತ್ತಿದ್ದವಳಿಗೆ ಒಂದು ಮೀನಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಿಳಿಯದೇ? ಒಂದು ಮಧ್ಯಾಹ್ನ ಅವನು ಅಳತೆಯ ನೀರು ಕೊಟ್ಟು ಲೋಟಕ್ಕಾಗಿ ಕಾಯುತ್ತಿದ್ದಾಗ ಅವಳು ಹೇಳಿದಳು.

"ಈ ಎಕ್ಸ್‌ಪ್ರೆಸ್ಸು ಮೊದಲಿನದಲ್ಲ. ಅದರ ಬಾಲದಲ್ಲಿ ಒಂದು ಚುಕ್ಕೆ ಇತ್ತು."

ಗಾಜಣ್ಣ ಗೋಡೆಯ ಕಡೆ ತಿರುಗಿದ.

"ಬಸ್ಸು ಕೆಟ್ಟರೆ ಬದಲಿ ಬಸ್ಸು ಬಿಡ್ತಾರೆ, ಸರಿ. ಆದ್ರೆ ಕಿಟಕೀಲಿ ಕೂತೋಳಿಗೆ ಹೇಳ್ಬೇಕು. ಕೇಳ್ದೋರಿಗೆ ಅವಳು ಏನಂತ ಉತ್ತರ ಕೊಡ್ತಾಳೆ?"

ನಗಿಸಲೆಂದೇ ಹೇಳಿದ್ದಳು. ಅವನಿಗೆ ನಗು ಬರಲಿಲ್ಲ. ತಾನು ಹೋದಾಗಲೂ ಇವನು ಹೀಗೇ ಬಾಯಿ ಮುಚ್ಚಿಕೊಂಡು ಒಳಗೊಳಗೇ ಒದ್ದಾಡುತ್ತಾನಲ್ಲ ಎಂಬ ಚಿಂತೆ ಅವಳ ಮುಖದಲ್ಲಿ ಕಾಣುತ್ತಿತ್ತು, ಅದನ್ನು ನೋಡಲು ಅವನು ತಿರುಗಬೇಕಿತ್ತು. ಉಳಿದದ್ದೂ ಸತ್ತರೆ ನನಗೆ ಹೇಳಿ, ಕದ್ದು ತರಬೇಡಿ ಎಂದಳು. ಎರಡು ದಿನಕ್ಕೆ ಉಳಿದದ್ದೂ ಸತ್ತಿತು. ಅವನು ಹೇಳಿದ. ಅವಳು ಆ ಇಡೀ ದಿನ ಮುಖವನ್ನು ಆಚೆ ಮಾಡಿ ಕೂತಿದ್ದಳು, ಬಾಯಾರಿಕೆ ಎಂದು ಎರಡು ಸಲ ನೀರು ಕೇಳಿದಳು.

ಬೈಸಿಕೊಂಡ ಅಂಗಡಿಯವನು ಬೇಸರ ಇಟ್ಟುಕೊಳ್ಳದೆ ಒಂದು ಸಂಜೆ ಮನೆಗೇ ಬಂದ. ಗಾಳಿ ನೋಡಿದ, ನೀರು ಮೂಸಿದ, ಕಲ್ಲು ನೋಡಿದ. ಎಲ್ಲ ಸರಿಯಾಗಿತ್ತು. ಆಮೇಲೆ ಮೂಲೆಯ ಅಂಟಿನ ಮೇಲೆ ಹೆಬ್ಬೆರಳು ಆಡಿಸಿ, ಇದು ಯಾವ ಅಂಟು ಎಂದ. ಗಾಜಣ್ಣ ಹುರುಪಿನಿಂದ ಹೇಳಲು ಶುರುಮಾಡಿದ, ಬಚ್ಚಲಿಗೆ ಹಾಕುವಂಥದ್ದು, ಎಷ್ಟು ನೆನೆದರೂ ಬೂಷ್ಟು ಕಟ್ಟುವುದಿಲ್ಲ ಎಂದು. ಹೇಳುತ್ತಾ ಹೇಳುತ್ತಾ ಅವನ ದನಿ ಇಳಿಯಿತು.

"ಬೂಷ್ಟು ಕೊಲ್ಲೋ ಮದ್ದು ಅದ್ರಲ್ಲಿ ಬೆರೆಸಿರ್ತಾರೆ ಅಣ್ಣ," ಅಂಗಡಿಯವನು ಮೆಲ್ಲಗೆ ಹೇಳಿದ. "ಅದು ನೀರಿಗೆ ಇಳೀತಾ ಇರುತ್ತೆ. ಮೀನು ತಡ್ಕೊಳಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ನಲ್ಲಿಯಲ್ಲ, ಪಂಪಲ್ಲ, ಅವನ ಕೈಯೇ ಮೀನುಗಳನ್ನು ಕೊಂದಿತ್ತು. ಅದೂ ಕೆಟ್ಟ ಕೆಲಸ ಮಾಡಿ ಅಲ್ಲ, ಅವನ ಅತಿ ಒಳ್ಳೆಯ ಕೆಲಸದಿಂದ. ಬೇರೆ ಯಾವ ಅರ್ಧಂಬರ್ಧ ಕೆಲಸದವನು ಅಗ್ಗದ ಅಂಟು ಮೆತ್ತಿದ್ದರೂ ಅವು ಬದುಕಿರುತ್ತಿದ್ದವೋ ಏನೋ. ಗಾಜಣ್ಣ ನೆಲದ ಮೇಲೆ ಕೂತುಬಿಟ್ಟ.

ಅಂಗಡಿಯವನು ಅವನನ್ನು ಹಾಗೆ ಬಿಟ್ಟುಹೋಗಲಾರದೆ ಒಂದು ದಾರಿ ಹೇಳಿದ. ಅವನ ಅಂಗಡಿಯಲ್ಲೇ ಮೀನು ಸಾಕುತ್ತಿದ್ದ ತೊಟ್ಟಿಯೊಂದಿತ್ತು, ಪಳಗಿದ ನೀರು, ಅದಕ್ಕೆ ಒಗ್ಗಿದ ಮೀನು. ನಾಳೆ ಸಂಜೆಯೊಳಗೆ ನೀರು ಮೀನು ಸಮೇತ ತಂದು ಕೂರಿಸಿಕೊಡುತ್ತೇನೆ ಎಂದ. ಗಾಜಣ್ಣ ಬಾಯಿ ತೆರೆಯುವ ಮೊದಲೇ ಮಂಚದಿಂದ ಮಾತು ಬಂತು.

"ಅದನ್ನೇ ತರಿಸಿ ರೀ. ನನಗೆ ಬೇಕಾಗಿದ್ದು ಮೀನು. ಗಾಜಲ್ಲ."

"ಸ್ವಲ್ಪ ದಿನ ತಡ್ಕೊ ಕಣೆ," ಎಂದ ಗಾಜಣ್ಣ. "ಹೊಸದು ಮಾಡ್ತೀನಿ. ಈ ಸಲ ತಪ್ಪಲ್ಲ."

ಅವಳು ಅವನನ್ನೇ ನೋಡಿದಳು. ಬಸ್ಸು ಹೊರಟುಹೋಗಿದೆ ಎಂದರೂ ನಂಬದೆ ಕಿಟಕಿಯ ಮುಂದೆ ನಿಂತೇ ಇರುವವರನ್ನು ಎಷ್ಟೋ ವರ್ಷ ನೋಡಿದವಳು. ಅವರ ಜೊತೆ ಎರಡನೆಯ ಸಲ ವಾದಿಸಬಾರದು ಎಂದು ಅವಳಿಗೆ ಗೊತ್ತಿತ್ತು.

"ಆಯ್ತು ಬಿಡಿ. ಮಾಡಿ," ಎಂದಳು.

ಜನ ಇದನ್ನು ಹಟ ಎಂದರು, ಹಮ್ಮು ಎಂದರು. ಅರ್ಧ ಹೌದು. ತನ್ನ ಕಸುಬು ತಪ್ಪಿದ ಜಾಗದಲ್ಲಿ ಇನ್ನೊಬ್ಬನ ಪೆಟ್ಟಿಗೆ ಬಂದು ಕೂರುವುದನ್ನು ಅವನು ಸಹಿಸುತ್ತಿರಲಿಲ್ಲ. ಇನ್ನರ್ಧ ಬೇರೆಯದೇ. ನಾಳೆಯೇ ಬೇಕು ಎಂದರೆ ಅವಳಿಗೆ ನಾಡಿದ್ದು ಇಲ್ಲ ಎಂದ ಹಾಗಾಗುತ್ತಿತ್ತು. ಅವಸರ ಮಾಡದಿದ್ದರೆ ಅವಳಿಗೆ ದಿನಗಳಿವೆ ಎಂದು ತಾನೇ ನಂಬಬಹುದಿತ್ತು. ಆ ನಂಬಿಕೆ ಬಿಡಲು ಅವನಿಂದ ಆಗಲಿಲ್ಲ.

ಹಳೆಯ ತೊಟ್ಟಿಯನ್ನು ಮತ್ತೆ ಅಂಟಿಸಲಿಲ್ಲ. ಹೊಸ ಗಾಜನ್ನೇ ಕೊಯ್ದ. ಅಂಗಡಿಯವನು ಕೊಟ್ಟ ಮದ್ದಿಲ್ಲದ ಅಂಟು ಹಾಕಿದ. ಅದು ಮೇಲೆ ಒಣಗಿದರೆ ಸಾಲದು, ಒಳಗೂ ಒಣಗಲಿ ಎಂದು ಕಾದ. ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿದ. ನೀರು ಪಳಗಲು ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ನೆಲೆಯಾಗಬೇಕು ಎಂದು ಹೇಳಿ ಅಂಗಡಿಯವನು ತನ್ನ ತೊಟ್ಟಿಯ ಹಳೇ ಸ್ಪಂಜನ್ನೇ ಫಿಲ್ಟರಿಗೆ ಹಾಕಿಕೊಟ್ಟ. ಇದಿದ್ದರೆ ಸಾಕು, ಎರಡು ಮೀನು ಬಿಟ್ಟು ನೋಡಬಹುದು ಎಂದೂ ಹೇಳಿದ. ಮೀನು ಬಿಡಿ ಭಾವ ಎಂದಳು ನಾದಿನಿ. ಬೇಡ ಎಂದ ಗಾಜಣ್ಣ. ಹೆಂಡತಿಯ ಕಣ್ಣೆದುರಿಗೆ ಇನ್ನೊಂದು ಮೀನು ಸಾಯುವುದು ಬೇಡ, ನೀರು ಪೂರ್ತಿ ಪಳಗಲಿ. ಒಂದು ಸಲ ತಪ್ಪಿದವನು ಈಗ ಎಲ್ಲವನ್ನೂ ಸರಿಯಾಗಿ ಮಾಡತೊಡಗಿದ್ದ.

ಹಾಗಾಗಿ ಮಂಚದ ಎದುರಿಗೆ ಇದ್ದದ್ದು ಬರೀ ನೀರು. ದೀಪ ಉರಿಯುತ್ತಿತ್ತು, ಗಾಳಿಯ ಗುಳ್ಳೆಗಳು ಏಳುತ್ತಿದ್ದವು, ಎಳೆಯ ಗಿಡದ ಎಲೆ ಆಚೀಚೆ ಆಡುತ್ತಿತ್ತು. ಹೆಂಡತಿ ಅದನ್ನೇ ನೋಡುತ್ತಿದ್ದಳು. ಅವಳ ಕಾಲಿನ ಬಾವು ಮೊಣಕಾಲು ದಾಟಿತ್ತು, ಮಾತು ಒಂದು ಉಸಿರಿಗೆ ಎರಡು ಪದಕ್ಕೆ ಬಂದಿತ್ತು. ಗಾಜಣ್ಣ ಗಾಜಿನ ಹೊರಗಣ ಬೆರಳ ಗುರುತನ್ನು ಬಟ್ಟೆಯಿಂದ ಒರೆಸುತ್ತಿದ್ದಾಗ ಅವಳು ಕರೆದಳು.

"ನೀರೂ ಚೆನ್ನಾಗಿದೆ ರೀ."

ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಅಡುಗೆಮನೆಗೆ ಹೋಗಿ ನಾದಿನಿಗೆ ಆ ಮಾತನ್ನು ಒಪ್ಪಿಸಿದ. ನೋಡು, ನಿನ್ನಕ್ಕನಿಗೆ ಬೇಸರವಿಲ್ಲ ಎಂದ. ಪಾತ್ರೆ ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ. ಆ ಮಾತು ಯಾರಿಗಾಗಿ ಹೇಳಿದ್ದು ಎಂದು ಅವಳಿಗೆ ತಿಳಿದಿತ್ತು.

ಮತ್ತೆರಡು ದಿನಕ್ಕೆ, ಬೆಳಗ್ಗೆ ಕೆಲಸಕ್ಕೆ ಹೊರಟಿದ್ದ ಗಾಜಣ್ಣನನ್ನು ಹೆಂಡತಿ ನೀರು ಕೇಳಿದಳು. ಅವಳ ತುಟಿಯ ಬಣ್ಣ ನೋಡಿ ಅವನು ಚೀಲ ಕೆಳಗಿಟ್ಟ. ಅಷ್ಟು ಕಾಲದಲ್ಲಿ ಮೊದಲ ಸಲ ಲೋಟದ ತುಂಬ ನೀರು ತಂದು, ತಲೆಯ ಹಿಂದೆ ಕೈ ಕೊಟ್ಟು ಕುಡಿಸಿದ. ಎರಡು ಗುಟುಕಿಗಿಂತ ಹೆಚ್ಚು ಅವಳಿಂದ ಆಗಲಿಲ್ಲ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಜನ ಬಂದರು, ಹೋದರು. ಮನೆ ಖಾಲಿಯಾಯಿತು. ಪಂಪನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯದೆ ಅದು ಗುಳುಗುಳು ಎನ್ನುತ್ತಲೇ ಇತ್ತು. ಒಂದು ಸಂಜೆ ಅಂಗಡಿಯವನು ಬಾಗಿಲಲ್ಲಿ ನಿಂತ. ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ನೀರು ಪಳಗಿರಬೇಕು ಎಂದು ತಾನೇ ಲೆಕ್ಕ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಗಪ್ಪಿ ತಂದಿದ್ದ. ಅಕ್ಕನಿಗೆ ಅಂತ ತಂದೆ ಎಂದ. ಬರಿದಾದ ಮಂಚ ನೋಡಿ ಚೀಲವನ್ನು ಬೆನ್ನ ಹಿಂದೆ ಸರಿಸಿದ. ನಾದಿನಿ ಅವನನ್ನು ವಾಪಸು ಕಳಿಸಲು ನೋಡಿದಳು. ಗಾಜಣ್ಣ ಎದ್ದು ಬಂದು ಚೀಲ ಇಸಿದುಕೊಂಡ. ಕಲಿಸಿದ ಕ್ರಮದಲ್ಲೇ ಮೊದಲು ಚೀಲವನ್ನು ನೀರಿನ ಮೇಲೆ ತೇಲಿಬಿಟ್ಟು ಕಾದ, ಆಮೇಲೆ ಅದಕ್ಕೆ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಬೆರೆಸಿದ, ಆಮೇಲೆ ಚೀಲವನ್ನು ಬಗ್ಗಿಸಿದ. ನಾಲ್ಕೂ ತೊಟ್ಟಿಗೆ ಇಳಿದವು. ಅವಕ್ಕೆ ಅವನು ಹೆಸರಿಡಲಿಲ್ಲ.

ಅವು ಸಾಯುತ್ತವೆ ಎಂದು ಅವನು ದಿನವೂ ಕಾದ. ಸತ್ತರೆ, ಆ ತೊಟ್ಟಿಗೆ ಮೀನು ಒಗ್ಗುವುದೇ ಇಲ್ಲ, ಯಾವಾಗ ಬಿಟ್ಟಿದ್ದರೂ ಇಷ್ಟೇ ಆಗುತ್ತಿತ್ತು ಎಂದುಕೊಳ್ಳಬಹುದಿತ್ತು. ಅವು ಸಾಯಲಿಲ್ಲ. ಚಿಟಿಕೆ ಊಟಕ್ಕೆ ಮೇಲೆ ಬಂದು ಬಾಯಿ ಬಿಟ್ಟವು, ಬಾಲ ಬಿಚ್ಚಿ ಆಡಿದವು. ಕೆಲವು ವಾರಕ್ಕೆ ಗಿಡದ ಬುಡದಲ್ಲಿ ಸಾಸಿವೆ ಗಾತ್ರದ ಕಣ್ಣುಳ್ಳ ಮರಿಗಳು ಕಂಡವು. ಗಾಜು ಹಾಕಿಸಲು ಕರೆಯಬಂದವರು ಅದರ ಮುಂದೆ ನಿಂತು, ಎಂಥ ಕೈಯಪ್ಪ ನಿಂದು, ನಮ್ಮ ಮನೆಗೂ ಒಂದು ಮಾಡಿಕೊಡು ಎಂದರು. ಗಾಜಣ್ಣ ಕಿಟಕಿಯ ಅಳತೆ ಮಾತ್ರ ಬರೆದುಕೊಂಡು ಅವರನ್ನು ಕಳಿಸಿದ.

ನಾದಿನಿ ತನ್ನ ಮನೆಗೆ ಹೊರಡುವ ಬೆಳಗ್ಗೆ ಬಟ್ಟೆಯ ಗಂಟು ಬಾಗಿಲಲ್ಲಿಟ್ಟು, ಹೇಳಿ ಹೋಗಲು ಹಜಾರಕ್ಕೆ ಬಂದಳು. ಗಾಜಣ್ಣ ಮಂಚದ ಅಂಚಿನಲ್ಲಿ, ದಿಂಬು ಇರುತ್ತಿದ್ದ ಕಡೆ ಕೂತಿದ್ದ.

"ಒಂದೂ ಸಾಯ್ತಿಲ್ಲ ನೋಡು," ಎಂದ.

ಅವಳು ತೊಟ್ಟಿಯ ಹತ್ತಿರ ಬಗ್ಗಿ ಮರಿಗಳನ್ನು ನೋಡಿದಳು.

"ಅಂಗಡಿಯವನು ತರ್ತೀನಿ ಅಂದ ದಿನಾನೇ ತರಿಸಿದ್ರೆ ಅವಳು ನೋಡ್ತಿದ್ಲು ಅಲ್ವಾ?"

ಹಾಗಲ್ಲ ಭಾವ, ಹಣೆಬರಹ ಎಂದು ಬೇರೆ ಯಾರಾದರೂ ಆಗಿದ್ದರೆ ಅಂದಿರುತ್ತಿದ್ದರು. ಬಂದ ಜನವೆಲ್ಲ ಅದನ್ನೇ ಅಂದು ಹೋಗಿದ್ದರು. ನಾದಿನಿ ಅವನ ಪಕ್ಕದಲ್ಲಿ ಕೂತು, ಮೊದಲ ಸಲ ಅವನ ಬೆನ್ನ ಮೇಲೆ ಕೈ ಇಟ್ಟಳು.

"ಹೌದು ಭಾವ," ಎಂದಳು. "ನೋಡ್ತಿದ್ಲು."